ಐದು ಸಾವಿರದ ನಲವತ್ತು ಸಾಲು

ಸಾವಿನ ದಿನ ಸದ್ದು ಮೆತ್ತಗಾಗಲೆಂದು ಚರ್ಚಿನ ಎಂಟು ಗಂಟೆಗಳ ನಾಲಗೆಗೆ ತೊಗಲಿನ ಪಟ್ಟಿ ಬಿಗಿಯುತ್ತಿದ್ದ ಡೆಸ್ಮಂಡ್ ಗೋಪುರದ ಮೇಲಿನಿಂದಲೇ ಕೂಗಿದ: "ಮೇವಿಸ್, ಪಕ್ಕದೂರಿನ ಪರ್ಸಿಗೆ ಹೇಳಿ ಕಳಿಸ್ತೀನಿ. ಸಿರಿಲ್‌ನ ಎಂಟನೇ ಗಂಟೇನ ಅವನು ಬಾರಿಸ್ಲಿ."

"ಯಾರೂ ಬೇಡ," ಎಂದಳು ಅವನ ಹೆಂಡತಿ. "ಸಿರಿಲ್‌ನ ಹಗ್ಗ ಮೇಲೆ ಕಟ್ಟಿಬಿಡು."

"ಏಳೇ ಬಾರಿಸಿದ್ರೆ ಕುಂಟು ಕುದುರೆ ಓಡಿದ ಹಾಗಿರುತ್ತೆ."

"ಕುಂಟಲಿ. ಐದು ಸಾವಿರದ ನಲವತ್ತು ಸಾಲು ಏಳು ಗಂಟೇದೇ ತಾನೆ? ಒಂದು ಸಲಾನೂ ಪೂರ್ತಿ ಆಗಿಲ್ಲ. ಇವತ್ತಾದ್ರೂ ಮುಗಿಸೋಣ."

ಇಂಗ್ಲೆಂಡಿನ ಸಫೋಕ್ ಸೀಮೆಯ ಆ ಹಳ್ಳಿಯಲ್ಲಿ ಬೂಟು ಹೊಲಿಯುತ್ತಿದ್ದ ಸಿರಿಲ್‌ನನ್ನು ಬೆಳಿಗ್ಗೆ ಮಣ್ಣು ಮಾಡಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಗುಂಡಿಯ ಪಕ್ಕ ನಿಂತು ಬೇಕರಿಯ ಡಾರ್ಕಸ್ ಮೂಗು ಒರೆಸಿಕೊಳ್ಳುತ್ತ, "ನನ್ನ ಬೂಟಿಗೆ ಮೂರು ಸಲ ಅಟ್ಟೆ ಹಾಕಿದ. ಬಾಯಿಂದ ಮೂರು ಮಾತು ಉದುರಿಸಿದೋನಲ್ಲ," ಅಂದಿದ್ದಳು. ಮೇವಿಸ್ ಹತ್ತಿರ ಅವನು ಮಾತಾಡಿದ್ದ.

*

ಅವಳ ಮದುವೆಗೆ ಮುಂಚಿನ ಮಾತು. ಎಂಟು ಮಂದಿ ಒಂದೊಂದು ಗಂಟೆಯ ಹಗ್ಗ ಹಿಡಿದು, ಸಾಲಿನಿಂದ ಸಾಲಿಗೆ ಗಂಟೆಗಳ ಕ್ರಮ ಬದಲಿಸುತ್ತ ಬಾರಿಸುತ್ತಿದ್ದರು. ಅಂದೂ ಎಂದಿನಂತೆ ಮೂರನೆಯ ತಾಸಿನಲ್ಲಿ ಯಾರೋ ಸರದಿ ತಪ್ಪಿ, ಸಾಲು ಕಲಸಿಹೋಗಿ, ಬಾರಿಸುವುದು ಅರ್ಧಕ್ಕೆ ನಿಂತಿತ್ತು. ಸಿರಿಲ್ ಮೆಟ್ಟಿಲ ಮೇಲೆ ಕೂತು ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದ.

"ಐದು ಸಾವಿರದ ನಲವತ್ತು! ಎಂಥಾ ಸಂಖ್ಯೆ ನೋಡು ಮೇವಿಸ್. ಏಳು ಗಂಟೆ ಎಷ್ಟು ಥರ ಸಾಲು ನಿಲ್ಲಬಹುದೋ ಅಷ್ಟೂ ಅದರೊಳಗಿದೆ. ಒಂದು ಸಾಲೂ ಮತ್ತೆ ಬರಲ್ಲ. ಒಂದರಿಂದ ಹತ್ತರವರೆಗೆ ಯಾವುದರಿಂದ ಬೇಕಾದ್ರೂ ಭಾಗಿಸು, ಚೂರೂ ಉಳಿಯಲ್ಲ."

"ನಿನಗೇನು ಮಹಾರಾಯ! ನಾವು ಏಳು ಜನ ಜಾಗ ಬದಲಿಸಿ ಬದಲಿಸಿ ಸಾಯ್ತೀವಿ. ನಿನ್ನ ಎಂಟನೇದು ಪ್ರತಿ ಸಾಲಿನ ಕೊನೇಲೂ ಗೂಟ ಹೊಡ್ಕೊಂಡು ಕೂತಿರುತ್ತೆ."

"ಅದಕ್ಕೇ ನನಗೆ ಗೊತ್ತಾಗೋದು. ಒಬ್ಬೊಬ್ಬರೂ ನನ್ನ ಪಕ್ಕಕ್ಕೆ ಏಳುನೂರ ಇಪ್ಪತ್ತು ಸಲ ಬರ್ತೀರಿ."

"ಎಲ್ಲರೂ ಅಷ್ಟೇ ಸಲಾನಾ?"

"ಎಲ್ಲರೂ ಅಷ್ಟೇ. ಆದ್ರೆ ನಾನು ಎಣಿಸೋದು ನಿನ್ನ ಮೂರನೇ ಗಂಟೇನ ಮಾತ್ರ."

ಅವಳು ನಕ್ಕುಬಿಟ್ಟಳು. ದಡದಡ ಇಳಿದುಹೋದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಚಳಿಗಾಲ ಕಳೆದ ಮೇಲೆ ಡೆಸ್ಮಂಡ್ ಕೇಳಿದ, ಅವಳು ಹೂಂ ಅಂದಳು. ಆ ಮದುವೆಗೂ ಸಿರಿಲ್ ಗಂಟೆ ಬಾರಿಸಿದ. ಆಮೇಲಿನ ವರ್ಷಗಳಲ್ಲಿ ಅವಳೂ ಎಣಿಸತೊಡಗಿದಳು. ಎಂದೂ ಏಳುನೂರ ಇಪ್ಪತ್ತು ಮುಟ್ಟಲಿಲ್ಲ. ಅಷ್ಟರೊಳಗೆ ಯಾರಾದರೂ ತಪ್ಪುತ್ತಿದ್ದರು. ಆ ಉಳಿದ ಸಲಗಳಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು.

*

ಬಾರಿಸಲು ಶುರುಮಾಡಿ ಸ್ವಲ್ಪ ಹೊತ್ತಿಗೇ ಡೆಸ್ಮಂಡ್ ರೇಗಿದ: "ಸಾಲಿನ ಕೊನೇಲಿ ಯಾಕ್ರಪ್ಪಾ ಜಾಗ ಬಿಡ್ತೀರಿ? ಸೇರಿಸಿ ಬಾರಿಸಿ!"

ಯಾರಿಂದಲೂ ಆಗಲಿಲ್ಲ. ಏಳನೆಯ ಪೆಟ್ಟಾದ ಮೇಲೆ ಎಲ್ಲರ ಕೈಯೂ ಸಿರಿಲ್‌ನ ಒಂದು ಪೆಟ್ಟಿನಷ್ಟು ತಡೆಯುತ್ತಿತ್ತು, ರೇಗಿದವನ ಕೈಯೂ. ಮೇವಿಸ್ ಬಾರಿಸುವ ಗಂಟೆ ಸಾಲಿನ ಕೊನೆಗೆ ಬಂದಾಗಲೆಲ್ಲ ಆ ಖಾಲಿ ಜಾಗ ಅವಳ ಪಕ್ಕದಲ್ಲೇ ಇರುತ್ತಿತ್ತು. ಅವಳು ಎಣಿಸಿದಳು. ಮೂರನೆಯ ತಾಸಿನಲ್ಲಿ ಭುಜ ಕಿತ್ತುಬರುವಂತಾಯಿತು, ಕಣ್ಣು ಮಂಜಾಯಿತು, ಕೈ ಮಾತ್ರ ತಪ್ಪಲಿಲ್ಲ. ಏಳುನೂರ ಹತ್ತೊಂಬತ್ತು. ಏಳುನೂರ ಇಪ್ಪತ್ತು.

ಇನ್ನಷ್ಟು ಸಾಲು ಕಳೆದವು. "ನಿಲ್ಲಿಸಿ!" ಅಂದ ಡೆಸ್ಮಂಡ್. ಒಂದರ ಹಿಂದೊಂದು ಏಳೂ ಗಂಟೆ ನಿಂತವು. ಮೊದಲ ಸಲ ಪೂರ್ತಿ ಮುಗಿದಿತ್ತು. ಆರು ಮಂದಿ ಹಗ್ಗ ಬಿಟ್ಟು ಬೆವರೊರೆಸಿಕೊಂಡರು.

"ಬಿಡು ಮೇವಿಸ್, ಆಯ್ತು."

"ಇರು," ಎಂದಳು. "ಅವನ ಪೆಟ್ಟು ಇನ್ನೂ ಬಂದಿಲ್ಲ."

ಡೆಸ್ಮಂಡ್ ಅವಳ ಮುಖವನ್ನೇ ನೋಡಿದ. ಆಮೇಲೆ ತಾನು ಬಿಟ್ಟಿದ್ದ ಹಗ್ಗವನ್ನು ಮತ್ತೆ ಹಿಡಿದುಕೊಂಡು ನಿಂತ.