ಕೆಂಪಿ ನುಂಗಿದ ಎಳೆ

ನಮ್ಮ ಮಾವ ನರಸಿಂಹಪ್ಪನವರ ಕಣ್ಣಿಗೆ ಎಲ್ಲಾದರೂ ಒಂದು ದಾರದ ತುದಿ ಬಿದ್ದರೆ ಮುಗಿಯಿತು, ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು. ಕಂಬಳಿಯ ಅಂಚಿನಲ್ಲಿರಲಿ, ನೆಂಟರ ಪಂಚೆಯಲ್ಲಿರಲಿ, ಪೂಜಾರಿಯ ಶಲ್ಯದಲ್ಲಿರಲಿ, ಎರಡು ಬೆರಳಲ್ಲಿ ಹಿಡಿದು ಎಳೆದೇ ಎಳೆಯುವರು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮನೆಯಲ್ಲಿ ಹುಟ್ಟಿದವರಲ್ಲವೇ. ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು, ತೇಲುವ ಗೂಡುಗಳಲ್ಲಿ ಕಂಡೂ ಕಾಣದಂಥ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡುವುದೇ ಅವರ ಬದುಕಾಗಿತ್ತು. ಬೀದಿಯಲ್ಲಿ ಅವರ ಕೈಯನ್ನು ಹೊಗಳದವರಿರಲಿಲ್ಲ. ಮನೆಯಲ್ಲಿ ನಾವೂ ಹೊಗಳುತ್ತಿದ್ದೆವು. ಮರೆತರೆ ಊಟದ ಹೊತ್ತಿಗೆ ಅವರೇ ನೆನಪಿಸುತ್ತಿದ್ದರು.

ನಾನು ಚಿಂತಾಮಣಿ ಕಡೆಯ ಬೇಸಾಯದ ಮನೆಯವಳು. ಹೆಸರು ಶ್ಯಾಮಲಮ್ಮ. ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತೊಂಬತ್ತನೆಯ ಇಸವಿಯಲ್ಲಿ. ಗಂಡ ಚನ್ನಕೇಶವ ಬೆಳಗಾದರೆ ಗೂಡು ಕೊಳ್ಳಲು ಹಳ್ಳಿಗಳ ಮೇಲೆ ಹೋಗುವವರು. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪ ಏನಂದರೂ ಹೂಂ, ಅಮ್ಮ ಏನಂದರೂ ಹೂಂ, ನಾನು ಅಂದದ್ದಕ್ಕೆ ಮಾತ್ರ ‘ನೋಡಣ’. ಅತ್ತೆ ಅಶ್ವತ್ಥಮ್ಮನವರು ಮನೆಯ ವೈದ್ಯರು. ಮಗುವಿಗೆ, ಕರುವಿಗೆ, ಕೋಳಿಗೆ ಎಲ್ಲಕ್ಕೂ ಒಂದೇ ಔಷಧಿ: ಈರುಳ್ಳಿ ಬೆಳ್ಳುಳ್ಳಿ ಜಜ್ಜಿ ಹಿಂಡಿದ ರಸ, ಅದರ ಮೇಲೆ ಹರಳೆಣ್ಣೆ. ಬದುಕಿದರೆ ಔಷಧಿಯಿಂದ, ಸತ್ತರೆ ಹಣೆಬರಹದಿಂದ.

ಗೂಡಿನ ರಾಶಿ ಬಿದ್ದಿರುವ ಮನೆಗೆ ಇಲಿ ಬರದೆ ಇರುವುದಿಲ್ಲ. ಒಳಗಿನ ಹುಳುವಿನ ಆಸೆಗೆ ಇಲಿ ಗೂಡು ಕೊರೆಯುತ್ತದೆ. ಕೊರೆದ ಗೂಡಿನ ಎಳೆ ತುಂಡು ತುಂಡು, ಚರಕಕ್ಕೆ ಬರುವುದಿಲ್ಲ. ಹಾಗಾಗಿ ಆ ಬೀದಿಯಲ್ಲಿ ಬೆಕ್ಕಿಲ್ಲದ ಮನೆಯಿರಲಿಲ್ಲ. ನಾನು ಹೋದಾಗ ನಮ್ಮಲ್ಲೊಂದು ಬಿಳಿ ಬೆಕ್ಕಿತ್ತು. ಎಳೆಯೆಲ್ಲ ಬಿಚ್ಚಿದ ಮೇಲೆ ಗೂಡಿನೊಳಗೆ ಬೆಂದ ಹುಳು ಉಳಿಯುತ್ತದಲ್ಲ, ಅದರ ಕಮಟು ನಮಗೆ ಹೊಟ್ಟೆ ತೊಳಸುವಂಥದು, ಬೆಕ್ಕಿಗೆ ಮಾತ್ರ ಹಬ್ಬದೂಟ. ಬಾಣಲೆಯ ಪಕ್ಕದ ಕುಕ್ಕೆಯಲ್ಲಿ ಅದನ್ನು ಗುಡ್ಡೆ ಹಾಕುತ್ತಿದ್ದರು. ಕೆಲವು ಹುಳುಗಳಿಗೆ ಎಳೆ ಸುತ್ತಿಕೊಂಡೇ ಇರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ.

ಒಂದು ದಿನ ಆ ಬಿಳಿ ಬೆಕ್ಕಿನ ಬಾಯಿಂದ ಎಳೆಯೊಂದು ಜೋತಾಡುತ್ತಿತ್ತು. ಮಾವ ನೋಡಿದರು, ಹಿಡಿದರು, ಎಳೆದರು. ಒಂದು ಗೇಣು ಬಂತು, ಒಂದು ಮೊಳ ಬಂತು. “ನೋಡ್ರೋ, ನೋಡ್ರೋ” ಎಂದು ಎಲ್ಲರನ್ನೂ ಕರೆದರು. ಬೆಕ್ಕು ಕೂಗಿದ ಕೂಗಿಗೆ ನಾನು ಕಿವಿ ಮುಚ್ಚಿಕೊಂಡೆ. ಎಳೆ ಪಟ್ಟನೆ ತುಂಡಾಯಿತು. ಬೆಕ್ಕು ಸೌದೆ ರಾಶಿಯ ಹಿಂದೆ ಹೋಗಿ ಮಲಗಿದ್ದು ಮತ್ತೆ ಏಳಲಿಲ್ಲ. ಹಲ್ಲಿ ತಿಂದಿರಬೇಕು ಎಂದರು ಅತ್ತೆ. ಎಲ್ಲರಿಗೂ ಅದೇ ಅನುಕೂಲವಾಗಿ ಕಂಡಿತು. ನಾನಾಗ ಹೊಸಬಳು, ಬಾಯಿ ಬಿಡಲಿಲ್ಲ. ಆದರೆ ಎಳೆದ ಕೈ, ಕೂಗಿದ ಕೂಗು, ಸತ್ತ ಬೆಕ್ಕು, ಈ ಮೂರನ್ನೂ ನನ್ನ ತಲೆ ಒಟ್ಟಿಗೆ ಗಂಟು ಹಾಕಿ ಇಟ್ಟುಕೊಂಡಿತು.

ಆಮೇಲೆ ತವರಿಂದ ಕೆಂಪಿಯನ್ನು ತಂದೆ. ಕೆಂದು ಬಣ್ಣದ ಬೆಕ್ಕಿನ ಮರಿ. ಬುಟ್ಟಿಯಲ್ಲಿಟ್ಟು ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಬಂದೆ. ಆ ಮನೆಯಲ್ಲಿ ನನ್ನ ಕಡೆಯವಳು ಅಂತ ಇದ್ದವಳು ಅವಳೊಬ್ಬಳೇ. ಯಾರ ಮೇಲಾದರೂ ಸಿಟ್ಟು ಬಂದರೆ ಹಿತ್ತಲಿಗೆ ಹೋಗಿ ಅವಳ ಕಿವಿಯಲ್ಲಿ ಹೇಳಿ ಬರುತ್ತಿದ್ದೆ. ಸಿಟ್ಟು ಬರುತ್ತಲೇ ಇತ್ತು, ಹಾಗಾಗಿ ನಮ್ಮಿಬ್ಬರಿಗೂ ಬಹಳ ಸ್ನೇಹ. ಹುಳುವಿನ ಕುಕ್ಕೆಗೆ ಹಳೆಯ ಮೊರವೊಂದನ್ನು ಮುಚ್ಚಿ, “ಇದನ್ನ ತೆಗೆದ್ರೆ ಮುಚ್ಚಿಬಿಡಿ” ಎಂದು ಎಲ್ಲರಿಗೂ ಹೇಳಿದೆ. ಸೊಸೆಯ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಆ ಮೊರಕ್ಕೂ ಸಿಕ್ಕಿತು.

ಅರವತ್ತೊಂದರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಕೆಂಪಿ ಹಾಲು ಮುಟ್ಟಲಿಲ್ಲ. ಮೂಲೆಯಲ್ಲಿ ಕೂತು ಮುಂಗಾಲಿಂದ ಬಾಯಿ ಕೆರೆದುಕೊಳ್ಳುತ್ತ, ನೊರೆನೊರೆಯಾಗಿ ಕಕ್ಕುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ತುಟಿಯ ಪಕ್ಕ ಎಳೆ, ಬಿಸಿಲಿಗೆ ಮಿಂಚುತ್ತಿತ್ತು. ಕುಕ್ಕೆಯ ಕಡೆ ನೋಡಿದೆ. ಮೊರ ಗೋಡೆಗೆ ಒರಗಿಕೊಂಡು ನಿಂತಿತ್ತು.

ಅತ್ತೆ ಆಗಲೇ ಈರುಳ್ಳಿ ಜಜ್ಜಲು ಕೂತಿದ್ದರು. ಮಾವ ಬಾಣಲೆ ಬಿಟ್ಟು ಎದ್ದು ಬಂದರು. ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡರು.

“ಇಲ್ಲಿ ಕೊಡಮ್ಮ, ಒಂದೇ ಏಟಿಗೆ ಎಳೆದುಬಿಡ್ತೀನಿ.”

ನಾನು ಕೆಂಪಿಯನ್ನು ಎತ್ತಿ ಸೆರಗಿನೊಳಗೆ ಸುತ್ತಿಕೊಂಡೆ. “ಬೇಡ ಮಾವ.”

“ಬೇಡ ಅಂದ್ರೆ? ಎಳೆ ತೆಗಿಯೋದು ನಂಗೆ ನೀನು ಹೇಳಿಕೊಡ್ತೀಯಾ?”

“ಎಳೆ ತೆಗಿಯೋದು ನಿಮಗೆ ಗೊತ್ತು ಮಾವ. ಬೆಕ್ಕು ಉಳಿಸೋದು ನಮಗ್ಯಾರಿಗೂ ಗೊತ್ತಿಲ್ಲ. ದನದ ಆಸ್ಪತ್ರೆಗೆ ಹೋಗ್ತೀನಿ.”

ಅತ್ತೆಯ ಕೈಯಲ್ಲಿದ್ದ ಗುಂಡುಕಲ್ಲು ನಿಂತಿತು. ಬೇಜಾರಾದಾಗ ಅವರ ಬಾಯಿಗೆ ಬರುವುದು ತೆಲುಗು. “ಅಯ್ಯೋ ದೇವುಡಾ! ಬೆಕ್ಕಿಗೆ ಆಸ್ಪತ್ರೆಯಂತೆ! ಮನೆ ಸೊಸೆ ಬೆಕ್ಕು ಎತ್ಕೊಂಡು ಬಜಾರಲ್ಲಿ ಹೋದ್ರೆ ನಾಲ್ಕು ಜನ ಏನಂತಾರೆ? ಮೊದ್ಲು ಈ ರಸ ಕುಡಿಸು.”

“ಏನಾದ್ರೂ ಅನ್ಲಿ ಅತ್ತೆ. ರಸ ಬೇಡ.”

ಅಷ್ಟು ಹೇಳಿದವಳೇ ಬುಟ್ಟಿ ತೆಗೆದುಕೊಂಡು ಹೊರಟೆ. ಬಜಾರಿನಲ್ಲಿ ಎಲ್ಲರೂ ನೋಡಿದರು. ತರಕಾರಿಯವಳು ಬುಟ್ಟಿಯಲ್ಲಿ ಕೋಳಿಯೋ ಎಂದು ಕೇಳಿದಳು. ಬೆಕ್ಕು ಎಂದೆ. ಅವಳು ನಕ್ಕಳು. ನಗಲಿ ಎಂದುಕೊಂಡು ಮುಂದೆ ಹೋದೆ.

ದನದ ಆಸ್ಪತ್ರೆಯ ಮುಂದೆ ಕಾಲುಬೇನೆಯ ಎತ್ತುಗಳು, ಕೆಚ್ಚಲು ಬಾತ ಎಮ್ಮೆಗಳು. ಕಾಂಪೌಂಡರ್ ಬಯ್ಯಪ್ಪ ನನ್ನ ಬುಟ್ಟಿಯೊಳಗೆ ಇಣುಕಿ, “ಬೆಕ್ಕಿಗೆಲ್ಲ ಇಲ್ಲಿ ನೋಡಲ್ಲಮ್ಮ, ಮನೆಗೆ ಹೋಗು” ಎಂದ.

“ಡಾಕ್ಟ್ರು ಬಂದು ಅದೇ ಮಾತು ಹೇಳ್ಲಿ, ಹೋಗ್ತೀನಿ” ಎಂದು ಜಗಲಿಯ ಮೇಲೆ ಕೂತೆ. ಎತ್ತುಗಳು ಮುಗಿದವು, ಎಮ್ಮೆಗಳು ಮುಗಿದವು. ನಾನು ಕೂತೇ ಇದ್ದೆ. ಬಯ್ಯಪ್ಪ ಎರಡು ಸಲ ಬಂದು ನೋಡಿ ಹೋದ. ಕೊನೆಗೆ ಡಾಕ್ಟರೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ವಯಸ್ಸಾದವರು, ದಪ್ಪ ಕನ್ನಡಕ. ಏನೂ ಕೇಳದೆ ಬುಟ್ಟಿಯ ಬಟ್ಟೆ ಸರಿಸಿದರು.

ಕೆಂಪಿಯನ್ನು ಗೋಣಿಯಲ್ಲಿ ಸುತ್ತಿ ನಾನು ಹಿಡಿದುಕೊಂಡೆ. ಅವರು ಬಾಯಿ ತೆರೆದು, ಬೆರಳಿನಿಂದ ನಾಲಿಗೆ ಎತ್ತಿ ನನಗೂ ತೋರಿಸಿದರು. ಎಳೆ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಮಾಂಸ ಕೊಯ್ದುಕೊಂಡಿತ್ತು. ಒಂದು ತುದಿ ಹೊರಗೆ, ಇನ್ನೊಂದು ಗಂಟಲಲ್ಲಿ ಇಳಿದುಹೋಗಿತ್ತು.

“ಯಾರಾದರೂ ಎಳೆದರಾ?”

“ಎಳಿಯೋಕೆ ಬಂದ್ರು ಸಾರ್, ನಾನು ಬಿಡಲಿಲ್ಲ.”

“ಬಿಡದೇ ಇದ್ದದ್ದರಿಂದ ಇನ್ನೂ ಉಸಿರಿದೆ.” ಸಣ್ಣ ಕತ್ತರಿಯಿಂದ ನಾಲಿಗೆಯ ಕೆಳಗೆ ಎಳೆಯನ್ನು ಕತ್ತರಿಸಿದರು. ಹೊರಗಿದ್ದ ಚೂರು ಕೈಗೆ ಬಂತು. “ಒಳಗಿರೋದು ಕರುಳಿನಲ್ಲಿ ಇಳಿದಿದೆ. ನಿಮ್ಮ ಎಲೆ ಅಡಿಕೆ ಸಂಚಿಯ ದಾರ ಎಳೆದರೆ ಸಂಚಿ ಹೇಗೆ ನೆರಿಗೆ ಹಿಡಿಯುತ್ತೆ, ಎಳೆ ಎಳೆದರೆ ಕರುಳೂ ಹಾಗೇ ನೆರಿಗೆ ಹಿಡಿದು ಹರಿದುಹೋಗುತ್ತೆ. ನಾಲಿಗೆಯ ಹಿಡಿತ ಬಿಡಿಸಿದ್ದೀನಿ. ಇನ್ನು ತಾನಾಗಿ ಹಿಂದಿನಿಂದ ಹೋಗಬೇಕು. ಹೊಟ್ಟೆ ಕೊಯ್ದು ತೆಗೆಯೋ ಅನುಕೂಲ ಇಲ್ಲಿಲ್ಲ.”

“ಉಳೀತಾಳಾ ಸಾರ್?”

“ಹೇಳೋಕಾಗಲ್ಲಮ್ಮ. ಹಿಂದೆ ತುದಿ ಕಂಡರೂ ಎಳೆಯಬೇಡಿ. ಅಷ್ಟು ಮಾತ್ರ ನಿಮ್ಮ ಕೈಯಲ್ಲಿರೋದು. ಔಷಧಿ ಅಂತ ಮನೆಯಲ್ಲಿ ಏನಾದರೂ ಕೊಟ್ಟಿದ್ದೀರಾ?”

ಈರುಳ್ಳಿ ಬೆಳ್ಳುಳ್ಳಿ ರಸದ ಸಂಗತಿ ಹೇಳಿದೆ. ಅವರು ಕನ್ನಡಕ ತೆಗೆದರು. ಈರುಳ್ಳಿ ಹೊಲಕ್ಕೆ ನುಗ್ಗಿ ಮೇದ ಹಸುಗಳು ಕೆಂಪಗೆ ಉಚ್ಚೆ ಹೊಯ್ದು ಬಿದ್ದದ್ದನ್ನು ತಾವೇ ನೋಡಿರುವುದಾಗಿಯೂ, ಅಷ್ಟು ದೊಡ್ಡ ಪ್ರಾಣಿಯ ರಕ್ತವನ್ನೇ ಕೆಡಿಸುವ ವಸ್ತು ಅಂಗೈಯಗಲದ ಬೆಕ್ಕನ್ನು ಸುಮ್ಮನೆ ಬಿಡುವುದಿಲ್ಲವೆಂದೂ ಹೇಳಿದರು. ಬೇಯಿಸಿದರೂ ಅಷ್ಟೇ, ಸಾರಿನ ಅನ್ನವೂ ಬೇಡ. ಚಿಗಟಕ್ಕೆ ಸೀಮೆಎಣ್ಣೆ ಒರೆಸುತ್ತಾರಲ್ಲ ಎಂದು ಕೇಳಿದೆ. “ಬೆಕ್ಕು ಮೈ ನೆಕ್ಕಿಕೊಳ್ಳೋ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತೆ. ಫಿನಾಯಿಲ್ ಸುರಿದ ನೆಲದ ಮೇಲೆ ಓಡಾಡಿದರೂ ಕಾಲು ನೆಕ್ಕುತ್ತೆ” ಎಂದರು. ಈ ವಿಷವೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ, ನಾವು ಇಲಿ ಪಾಷಾಣಕ್ಕೆ ಮಾತ್ರ ಹೆದರಿಕೊಂಡು ಕೂತಿದ್ದೇವೆ ಎಂದುಕೊಂಡು ಮನೆಗೆ ಬಂದೆ.

ಅವತ್ತಿಂದ ನಾನು ಕಾವಲುಗಾರ್ತಿ. ಗೂಡಿನ ಕೋಣೆಯ ಮೂಲೆಯಲ್ಲಿ ಕೆಂಪಿಗೆ ಹಾಸಿಗೆ ಮಾಡಿ, ಬಾಗಿಲಿಗೆ ಅಡ್ಡವಾಗಿ ಕೂತೇ ಅಕ್ಕಿ ಆರಿಸಿದೆ, ರಾಗಿ ಬೀಸಿದೆ. ಅತ್ತೆ ರಸದ ಬಟ್ಟಲು ಹಿಡಿದು ಬಂದರು. ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಚೆಲ್ಲಿದೆ. ಅತ್ತೆಯ ಮುಂದೆ ಹಾಗೆ ಮಾಡಿದ್ದು ಅದೇ ಮೊದಲು. ಅವರು ನನ್ನ ತಾಯಿಯವರೆಗೂ ಹೋಗಿ ಬೈದರು. ಬೈಸಿಕೊಂಡೆ. ಸಂಜೆ ಬಂದ ಗಂಡ ಎಲ್ಲ ಕೇಳಿ “ನೋಡಣ” ಎಂದರು. “ನೀವು ನೋಡ್ತಾ ಇರಿ, ನಾನು ಬಾಗಿಲು ಬಿಟ್ಟು ಏಳಲ್ಲ” ಎಂದೆ. ಕೆಂಪಿ ಚೂರು ಗಂಜಿ ನೀರು ನೆಕ್ಕಿದಳು. ಕಕ್ಕುವುದು ನಿಂತಿತು. ಆದರೆ ಹೊಟ್ಟೆ ಮುಟ್ಟಿದರೆ ನರಳುತ್ತಿದ್ದಳು.

ಮಾರನೆಯ ದಿನ ಮಧ್ಯಾಹ್ನ ನೀರು ಸೇದಲು ಬಾವಿಗೆ ಹೋಗಲೇಬೇಕಾಯಿತು. ಕೊಡ ತುಂಬಿಸಿಕೊಂಡು ಬರುವಾಗ ಕೆಂಪಿ ಕೂಗಿದ್ದು ಕೇಳಿಸಿತು. ಕೊಡ ಅಲ್ಲೇ ಇಳಿಸಿ ಓಡಿದೆ.

ಮಾವ ಕುಕ್ಕರುಗಾಲಲ್ಲಿ ಕೂತಿದ್ದರು. ಕೆಂಪಿಯ ಬಾಲದ ಕೆಳಗೆ ಎಳೆಯ ತುದಿ ಕಾಣಿಸಿಕೊಂಡಿತ್ತು. ಅದು ಆಗಲೇ ಅವರ ಎರಡು ಬೆರಳ ನಡುವೆ ಇತ್ತು.

“ಕೈ ತೆಗೀರಿ ಮಾವ.”

“ಬಂದೈತೆ ಕಣಮ್ಮ, ತುದಿ ಸಿಕ್ಕೈತೆ. ನಯವಾಗಿ ಎಳಿತೀನಿ. ಹುಟ್ಟಿದಾಗಿಂದ ಎಳೆ ಎಳೆದಿರೋ ಕೈ ಇದು.”

“ಆ ಬಿಳಿ ಬೆಕ್ಕನ್ನೂ ಇದೇ ಕೈಯಲ್ಲೇ ಎಳೆದ್ರಿ. ಅದು ಹಲ್ಲಿ ತಿಂದು ಸಾಯಲಿಲ್ಲ.”

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ಮಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು. ಮನೆಯಿಂದ ಹೊರಗೆ ಹಾಕುತ್ತಾರೆ, ಹಾಕಲಿ, ಬುಟ್ಟಿಯ ಜೊತೆ ಚಿಂತಾಮಣಿ ಬಸ್ಸು ಹತ್ತುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ನಿಂತೆ. ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ.

ಮಾವ ಬೆರಳು ಬಿಡಿಸಿದರು. ಎಳೆ ಜಾರಿ ನೆಲಕ್ಕೆ ತಾಗಿತು. ಅವರು ಎದ್ದು ಹೋಗಲಿಲ್ಲ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತರು. ಆಚೆ ಕೋಣೆಯಲ್ಲಿ ಬಾಣಲೆಯ ನೀರು ತಣ್ಣಗಾಯಿತು. ಚರಕ ತಿರುಗಿಸುವವಳು ಬಂದು ಕರೆದಳು. “ಇವತ್ತು ಇಲ್ಲ, ಹೋಗಮ್ಮ” ಎಂದರು. ಕೆಲಸದ ದಿನ ಆ ಒಲೆ ಆರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೆಂಪಿ ಮುಲುಕಿದಾಗಲೆಲ್ಲ ಅವರ ಕೈ ಕಂಕುಳಿಂದ ಅರ್ಧ ಹೊರಗೆ ಬರುತ್ತಿತ್ತು, ಅವರೇ ಅದನ್ನು ಮತ್ತೆ ಒಳಗೆ ಸೇರಿಸುತ್ತಿದ್ದರು. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು, ಆದರೂ ಬಾಗಿಲು ಬಿಟ್ಟು ಕದಲಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆಂಪಿ ಎದ್ದಳು. ತಟ್ಟಾಡುತ್ತ ಹಿತ್ತಲಿನ ಬೂದಿಗುಂಡಿಗೆ ಹೋದಳು. ನಾವು ಮೂವರೂ ಹಿಂದೆ ಹೋಗಿ ದೂರದಲ್ಲಿ ನಿಂತೆವು. ಬಹಳ ಹೊತ್ತು ತಿಣುಕಿದಳು. ಆಮೇಲೆ ಬೂದಿ ಕೆರೆದು ಮುಚ್ಚಿ, ನಮ್ಮ ಕಡೆ ತಿರುಗಿಯೂ ನೋಡದೆ ಬಿಸಿಲಿನಲ್ಲಿ ಕೂತು ಕಾಲು ನೆಕ್ಕಿಕೊಳ್ಳತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಅತ್ತೆ ಒಳಗೆ ಹೋಗಿ ಹಾಲು ತಂದರು. ಬರೀ ಹಾಲು.

ಮಾವ ಕಡ್ಡಿಯೊಂದನ್ನು ತೆಗೆದುಕೊಂಡು ಬೂದಿ ಕೆದಕಿದರು. ಎಳೆ ಸಿಕ್ಕಿತು. ಮಧ್ಯೆ ಮಧ್ಯೆ ಗಂಟು, ಒಂದು ಕಡೆ ಹುಳುವಿನ ಸಿಪ್ಪೆ ಸುತ್ತಿಕೊಂಡು ಕಡಲೆಕಾಯಿ ಗಾತ್ರದ ಉಂಡೆಯಾಗಿತ್ತು. ಕಡ್ಡಿಯ ಮೇಲೆ ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಇಂಥ ಗಂಟು ಎಳೆದರೆ ಏನಾಗುತ್ತದೆಂದು ಆ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

“ಅವತ್ತು ಆ ಬಿಳಿ ಬೆಕ್ಕು ಅಷ್ಟು ಕೂಗ್ತಲ್ಲಮ್ಮ,” ಎಂದರು. “ನಾನು ಎಳೆ ಬರ್ತಾ ಐತೆ ಅಂತ ಎಳೇನೇ ನೋಡ್ತಿದ್ದೆ. ಬೆಕ್ಕಿನ ಮುಖ ನೋಡಲೇ ಇಲ್ಲ ಕಣಮ್ಮ.”