ತೊಕುಜಿ ಬಲಕ್ಕೆ ಬಂದದ್ದು

ತೊಕುಜಿ ಮುದುಕ ನಲವತ್ತಾರು ವರ್ಷ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವನು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಅವನ ಕೈ ರಸ್ತೆಯ ಎಡಕ್ಕೇ ತಿರುಗೀತು. ಮಂಡಿ ಕೈಕೊಟ್ಟ ಮೇಲೆ ಲೈಸೆನ್ಸನ್ನು ತಾನಾಗಿಯೇ ಠಾಣೆಗೆ ಒಪ್ಪಿಸಿ, ನಡೆಯಲಾಗದವರು ಒಬ್ಬರೇ ಕೂತು ಹೋಗುವ ನಾಲ್ಕು ಚಕ್ರದ ಪುಟ್ಟ ಬ್ಯಾಟರಿ ಗಾಡಿಯೊಂದನ್ನು ಬಾಡಿಗೆಗೆ ತಂದಿದ್ದ. ದಿನಾ ಅದರಲ್ಲಿ ಕೂತು, ಆರೈಕೆ ಮನೆಯಲ್ಲಿದ್ದ ಹೆಂಡತಿ ಮಿತ್ಸುಎ ಹತ್ತಿರ ಊಟದ ಹೊತ್ತಿಗೆ ಹೋಗುತ್ತಿದ್ದ. ಅವನು ಎದುರಿಗೆ ಕೂರದಿದ್ದರೆ ಅವಳು ಒಂದು ತುತ್ತೂ ಮುಟ್ಟುವವಳಲ್ಲ.

ಪೊಲೀಸರು ಎರಡು ಸಲ ಅವನನ್ನು ಮನೆಗೆ ತಂದುಬಿಟ್ಟಿದ್ದರು. ಅಂಚಿನಲ್ಲಿ ಹೋಗಿ ಅಂದಿದ್ದರು. ಪಾಪ, ಅಂಚಿನಲ್ಲೇ ಹೋಗುತ್ತಿದ್ದ, ಎಡದ ಅಂಚಿನಲ್ಲಿ. ಮೂರನೇ ಸಲವಾದರೆ ಗಾಡಿ ವಾಪಸ್ ಎಂದು ಮಗಳು ಚಿಝುರು ಖಡಾಖಂಡಿತವಾಗಿ ಹೇಳಿದ್ದಳು.

ಇವತ್ತು ಸೇತುವೆಯ ಹತ್ತಿರ ಮತ್ತೆ ಸೀಟಿ. ತೊಕುಜಿ ಗಾಡಿ ನಿಲ್ಲಿಸಿದ.

"ಲೈಸೆನ್ಸ್ ಕೊಟ್ಬಿಟ್ಟೆನಪ್ಪಾ, ನನ್ ಹತ್ರ ಇಲ್ಲ," ಎಂದ.

"ಲೈಸೆನ್ಸ್ ಯಾರು ಕೇಳಿದ್ರು ತಾತ?" ಎಂದ ಪೊಲೀಸಿನ ನಗಾಓ. "ಇದು ಗಾಡಿ ಅಲ್ಲ. ಕಾನೂನಿನ ಲೆಕ್ಕಕ್ಕೆ ನೀವು ನಡ್ಕೊಂಡು ಹೋಗೋರು. ನಡೆಯೋರು ಬಲಕ್ಕಿರ್ಬೇಕು, ಎದುರು ಬರೋ ಗಾಡಿ ಕಾಣೋ ಹಾಗೆ."

"ನಾನು ನಡೆದು ಎರಡು ವರ್ಷ ಆಯ್ತಲ್ಲಪ್ಪಾ."

"ಆದ್ರೂ ನಡೀತಿದ್ದೀರಿ."

ಮುದುಕನಿಗೆ ತಲೆಬುಡ ತಿಳಿಯಲಿಲ್ಲ. ಚಕ್ರ ಇದೆ, ದೀಪ ಇದೆ, ಹಾರ್ನ್ ಕೂಡ ಇದೆ; ಗಾಡಿ ಅಲ್ಲವಂತೆ.

"ಆ ತಿರುವಿನವರೆಗೆ ನೋಡ್ತಿರ್ತೀನಿ," ಎಂದ ನಗಾಓ. "ಎಡಕ್ಕೆ ಬಂದ್ರೆ ಮಗಳಿಗೆ ಫೋನ್ ಮಾಡ್ದೆ ವಿಧಿಯಿಲ್ಲ."

ತೊಕುಜಿ ಬಲದ ಅಂಚು ಹಿಡಿದ. ಎದುರಿನ ಗಾಡಿಗಳೆಲ್ಲ ನೇರ ಮುಖಕ್ಕೇ ಬರುತ್ತಿವೆ ಅನ್ನಿಸಿ ಬೆವರಿದ. ತಪ್ಪು ದಾರಿಯಲ್ಲಿದ್ದೇನೆ ಎಂದು ಮೈಯೆಲ್ಲ ಹೇಳುತ್ತಿತ್ತು. ತಿರುವು ಬಂದದ್ದೇ ತಡ, ಕೈ ತನ್ನಷ್ಟಕ್ಕೆ ಎಡಕ್ಕೆ ಎಳೆಯಿತು. ಫೋನ್ ಹೋದರೆ ಗಾಡಿಯೂ ಹೋಯಿತು; ಮಿತ್ಸುಎಯ ಮುಟ್ಟದ ತಟ್ಟೆ ಕಣ್ಣೆದುರು ಬಂತು. ಗಾಡಿ ಓಡಿಸಲು ಒತ್ತಿ ಹಿಡಿದಿದ್ದ ಲಿವರ್ ಬಿಟ್ಟ. ಬಲದ ಅಂಚು ದಾಟುವ ಮೊದಲೇ ಗಾಡಿ ಗಕ್ಕನೆ ನಿಂತಿತು. ಅದೇ ಕ್ಷಣ ಹಿಂದಿನಿಂದ ಮರದ ಲಾರಿಯೊಂದು ಎಡಭಾಗವನ್ನೆಲ್ಲ ಸವರಿಕೊಂಡು ಹೋಯಿತು. ಅಲ್ಲಿದ್ದಿದ್ದರೆ ಅವನು ಉಳಿಯುತ್ತಿರಲಿಲ್ಲ. ಇಂಥ ತಿರುವಿನಲ್ಲಿ ತನ್ನ ಲಾರಿಯೂ ಎಷ್ಟು ಸಲ ಹೀಗೇ ಹೋಗಿದೆಯೋ ಎಂದುಕೊಂಡ.

ಗಾಡಿಯನ್ನು ಬಲಕ್ಕೆ ತಿರುಗಿಸಿದ. ಮಗಳಿಗೆ ಫೋನ್ ಹೋಗಲಿಲ್ಲ.

ಊಟ ಆರಿಹೋಗಿತ್ತು. ಮಿತ್ಸುಎ ಕಾಯುತ್ತಿದ್ದಳು.

"ಯಾಕೆ ತಡ? ಹೇಗೆ ಬಂದ್ರಿ?"

"ನಡ್ಕೊಂಡು."

ಅವಳು ಬಗ್ಗಿ ಅವನ ಬೂಟಿನ ಅಡಿ ನೋಡಿದಳು. ಒಂದು ಚೂರು ಮಣ್ಣಿಲ್ಲ.

"ಈ ವಯಸ್ಸಲ್ಲಿ ಸುಳ್ಳು ಬೇರೆ," ಎಂದು ಚಾಪ್‌ಸ್ಟಿಕ್ ಎತ್ತಿಕೊಂಡಳು.  ಅವಳು ತಿನ್ನುವುದನ್ನೇ ನೋಡುತ್ತ ಅವನು ಕೂತ.