ಚಂದಯ್ಯನ ಮೂವತ್ತೆಂಟು ಹಾಡುಗಳು

ಬೈಂದೂರು ಬಸ್ ಸ್ಟ್ಯಾಂಡಿನ ಹಿಂದೆ ಚೇತನಾಳದ್ದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಅರ್ಜಿ, ಜೆರಾಕ್ಸ್. ಅವಳ ಅಪ್ಪ ಚಂದಯ್ಯ ಕೋಡಿಯ ಕಡಲತೀರದಲ್ಲಿ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುವಾಗ ಹಾಡು ಹೇಳುತ್ತಿದ್ದವನು. ಅವನೊಂದು ಸಾಲು ಕೂಗಿದರೆ ಹಗ್ಗ ಹಿಡಿದ ಮೂವತ್ತು ಮಂದಿ ಸೊಲ್ಲು ಕೊಟ್ಟು ಎಳೆಯುತ್ತಿದ್ದರು. 2009ರಲ್ಲಿ ಚೇತನಾ ಒಂದು ರೆಕಾರ್ಡರ್ ಎರವಲು ತಂದು ಮೂವತ್ತೆಂಟು ಹಾಡು ಹಿಡಿದಳು. ಮರುವರ್ಷ ಚಂದಯ್ಯನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವನ ಮಾತೆಲ್ಲ ಸ್ಲೇಟಿನ ಮೇಲೆ.

ಹಾಡುಗಳನ್ನು ಅವಳು ಟೊರೆಂಟಿನಲ್ಲಿ ಹಂಚಿದ್ದಳು. ದೊಡ್ಡ ಫೈಲನ್ನು ಚೂರು ಮಾಡಿ, ಇದ್ದವರ ಕಂಪ್ಯೂಟರಿನಿಂದ ಇಲ್ಲದವರ ಕಂಪ್ಯೂಟರಿಗೆ ನೇರ ಕಳಿಸುವ ಉಪಾಯ ಅದು. ಆದರೆ ಪೂರ್ತಿ ಹಾಡುಗಳಿದ್ದದ್ದು ಅವಳೊಬ್ಬಳಲ್ಲೇ. ಬೇರೆಯವರಲ್ಲಿ ಇದ್ದದ್ದು ಅರ್ಧಂಬರ್ಧ. ಸಿಡಿಗೆ ಹಾಕಿಟ್ಟಿದ್ದ ಪ್ರತಿ ಉಪ್ಪುಗಾಳಿಗೆ ಬೂಸ್ಟು ಹಿಡಿದಿತ್ತು.

2011ರ ಜೂನಿನಲ್ಲಿ, ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬಂದು ಕಂಪ್ಯೂಟರ್ ಮಲಗಿತು. ರಿಪೇರಿ ಮಾಡುವ ಪ್ರಥಮ್ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿಕೊಟ್ಟ. "ನಿಮ್ ಹಾಡ್ ಇನ್ನೊಂದ್ ಡ್ರೈವಲ್ಲಿತ್ತ್ ಚೇತನಕ್ಕಾ, ನಾ ಮುಟ್ಲಿಲ್ಲೆ" ಎಂದು ಹೇಳಿ ಹೋದ.

ಹಾಡುಗಳೇನೋ ಇದ್ದವು. ಹಂಚಿಕೆ ನಿಂತು ಹೋಗಿತ್ತು. ಮೂರನೆಯ ದಿನ, ಬುಧವಾರ, ಫೋನು ಬಂತು.

"ಅಕ್ಕಾ, ನಾ ಕುಷ್ಟ, ಕೋಡಿ ಸುಬ್ಬನ ಮಗ. ಮುಂಬೈಯಿಂದ ಮಾತಾಡುದ್. ನಿಮ್ ಹಾಡ್ ನಂಗೆ ಎಂಬತ್ತೆಂಟ್ ಪರ್ಸೆಂಟಿಗೆ ನಿಂತಿತ್ತ್. ಎಂತ ಆಯ್ತ್?"

ಸುಬ್ಬ ಅಂದರೆ ಅಪ್ಪನ ಪಕ್ಕದಲ್ಲೇ ಹಗ್ಗ ಹಿಡಿಯುತ್ತಿದ್ದವನು. ಸತ್ತು ಎಂಟು ತಿಂಗಳಾಗಿತ್ತು. ಕೊನೆಯ ನಾಲ್ಕು ಹಾಡುಗಳಲ್ಲಿ ಒಂಟಿ ದನಿಯ ಸೊಲ್ಲು ಅವನದ್ದೇ.

"ಅದೇ ನಾಕ್ ಹಾಡ್ ಬರ್ಲಿಲ್ಲೆ ಅಕ್ಕಾ," ಎಂದ ಕುಷ್ಟ. "ನಾ ಕೆಲ್ಸಕ್ಕಿಪ್ಪ ಸೈಬರ್ ಕೆಫೆ ಶನಿವಾರ ಮುಚ್ಚತ್ತ್. ಕಂಪ್ಯೂಟರ್ ಎಲ್ಲ ಅಳ್ಸಿ ಮಾರ್ತ್ರ್. ಅಷ್ಟ್ರೊಳಗೆ ಆಯ್ಕ್."

ಚೇತನಾ ಅಂಗಡಿಯ ಅರ್ಧ ಬಾಗಿಲೆಳೆದು ಕೂತಳು. ಚೂರುಗಳ ಲೆಕ್ಕವಿರುವ ಟೊರೆಂಟಿನ ಪುಟ್ಟ ಫೈಲು ವಿಂಡೋಸಿನ ಜೊತೆಗೇ ಹೋಗಿತ್ತು. ಹಾಡುಗಳಿಂದ ಹೊಸದೊಂದನ್ನು ಮಾಡಿದಳು. ಕುಷ್ಟನ ಕಂಪ್ಯೂಟರಿಗೆ ಅದು ಹೊಂದಲಿಲ್ಲ. ಹಳೆಯದೇ ಬೇಕು ಎಂದು ಅವನೇ ತನ್ನಲ್ಲಿದ್ದದ್ದನ್ನು ಮೇಲ್ ಮಾಡಿದ. ಅದನ್ನು ತೆರೆದಳು. ಪರದೆಯ ಮೇಲೆ ಬಂದದ್ದು ಸೊನ್ನೆ ಪರ್ಸೆಂಟ್.

ಹಾಡಿನ ಫೋಲ್ಡರ್ ತೋರಿಸಿದಳು. ಮತ್ತೂ ಸೊನ್ನೆ. ಕೆಳಗೆ 'ಡೌನ್‌ಲೋಡ್ ಆಗುತ್ತಿದೆ' ಎಂಬ ಸಾಲು ಕಂಡಿತು. ಇದ್ದ ಹಾಡಿನ ಮೇಲೆಯೇ ಬರೆದುಬಿಟ್ಟರೆ? ತಡೆಯಲಾಗದೆ ಪ್ಲಗ್ ಕಿತ್ತಳು. ಪ್ರಥಮನಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಗುರುವಾರ ಇಡೀ ಬೈಂದೂರಿಗೆ ಕರೆಂಟಿಲ್ಲ. ಅವಳು ಕತ್ತಲು ಅಂಗಡಿಯಲ್ಲಿ ಸತ್ತ ಪರದೆಯ ಮುಂದೆ ಕೂತೇ ಇದ್ದಳು. ಅರ್ಜಿ ಬರೆಸಲು ಬಂದವರನ್ನು "ನಾಳೆ ಬನ್ನಿ" ಎಂದು ಸಿಡುಕಿ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಕರೆಂಟು ಬಂದಾಗ ಕುಷ್ಟನಿಗೆ ತಾನೇ ಫೋನು ಮಾಡಿ, "ನಂಗೆ ಹೆದ್ರಿಕೆ ಆತ್ತ್ ಮಾರಾಯ. ಅಳ್ಸಿ ಹೋರೆ ಎಂತ ಮಾಡುದ್?" ಎಂದಳು. ಮಾತು ಮುಗಿಯುವಷ್ಟರಲ್ಲಿ ಅಳು ಬಂದುಬಿಟ್ಟಿತು.

"ಹೆದರ್ಬೇಡಿ. ಮೊದ್ಲ್ ಹಾಡ್ ಎಲ್ಲ ಬೇರೆ ಕಡೆ ಒಂದ್ ಕಾಪಿ ಮಾಡಿ. ಆಮೇಲೆ ಕಾಣಿ, ಫೋಲ್ಡರ್ ತೋರ್ಸುಕಾಗ, ಅದ್ರ ಹೊರಗಿಪ್ಪ ಫೋಲ್ಡರ್ ತೋರ್ಸಿ. ನೀವ್ ಒಳಗಿಂದೇ ತೋರ್ಸಿರೆ ಅದ್ ಅದ್ರೊಳಗೆ ಇನ್ನೊಂದ್ ಹುಡ್ಕತ್ತ್."

ಕಾಪಿ ಮಾಡಲು ಹೋದಾಗ ಒಂದು ಫೈಲು ಅರ್ಧಕ್ಕೆ ನಿಂತಿತು. ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು. ಓದಲಾಗುತ್ತಿಲ್ಲ ಎಂಬ ಸಂದೇಶ. ಡಿಸ್ಕೇ ಹಾಳಾಗುತ್ತಿದೆ ಎಂದು ಅವಳಿಗೆ ಆಗ ತಿಳಿಯಿತು. ಬಂದಷ್ಟನ್ನು ಇನ್ನೊಂದು ಡಿಸ್ಕಿಗೆ ತುಂಬಿಸಿ, ಕುಷ್ಟ ಹೇಳಿದಂತೆ ಅದರ ಹೊರಗಿನ ಫೋಲ್ಡರ್ ತೋರಿಸಿ, ಯಾವ ಚೂರು ಇದೆ ಯಾವುದಿಲ್ಲ ಎಂದು ತಪಾಸಣೆ ಹಚ್ಚಿದಳು. ಅಂಕಿ ಏರಿತು. ನಲವತ್ತು. ಎಪ್ಪತ್ತು. ತೊಂಬತ್ತಾರಕ್ಕೆ ನಿಂತಿತು.

ನೂರಕ್ಕೆ ನಾಲ್ಕು ಪಾಲು ಅವಳಲ್ಲೇ ಇರಲಿಲ್ಲ.

"ಕುಷ್ಟ, ನನ್ ಹತ್ರವೇ ಇಲ್ಲೆ," ಎಂದಳು.

"ನಿಮ್ಮಲ್ಲಿ ಇಲ್ದಿದ್ದ್ ನನ್ನಲ್ಲಿ ಇದ್ರೂ ಇರ್ಬೌದಲ್ದಾ? ನಿಮ್ಮಿಂದ ಮೊದ್ಲೇ ಬಂದ ಚೂರ್ ಎಷ್ಟೋ ಇತ್ತ್. ಬಿಡಿ, ಹಚ್ಚಿಡಿ."

ಎರಡು ವರ್ಷ ಇವಳು ಕೊಟ್ಟದ್ದು ಈಗ ತಿರುಗಿ ಬರತೊಡಗಿತು. ಕುಷ್ಟನಿಂದ, ಹೆಸರೇ ತಿಳಿಯದ ಇನ್ನಿಬ್ಬರಿಂದ. ಇತ್ತ ಸುಬ್ಬನ ನಾಲ್ಕು ಹಾಡು ಮುಂಬೈಗೆ ಹೋಗುತ್ತಿದ್ದವು. ಚೇತನಾ ಊಟಕ್ಕೆ ಏಳಲಿಲ್ಲ. ಸಂಜೆ ನಾಲ್ಕಕ್ಕೆ ಅವಳದ್ದು ತೊಂಬತ್ತೊಂಬತ್ತು ಪಾಯಿಂಟ್ ಆರು. ಅಲ್ಲೇ ನಿಂತಿತು. ಕುಷ್ಟನದ್ದೂ ಅಷ್ಟೇ. ಉಳಿದ ಚೂರುಗಳು ಯಾರಲ್ಲೂ ಇಲ್ಲ ಎಂದು ಪ್ರೋಗ್ರಾಮ್ ತೋರಿಸುತ್ತಿತ್ತು. ಆರು ಗಂಟೆಯವರೆಗೂ ಅವಳು ಮತ್ತೆ ಮತ್ತೆ ತಪಾಸಣೆ ಹಚ್ಚಿದಳು. ಹಳೆಯ ಡಿಸ್ಕನ್ನು ಮೂರು ಸಲ ಬಿಚ್ಚಿ ಜೋಡಿಸಿದಳು. ಕೊನೆಗೆ ಅದು ಟಕ್ ಟಕ್ ಎನ್ನುವುದನ್ನೂ ನಿಲ್ಲಿಸಿತು.

ಕುಷ್ಟನ ಫೋನು ಬಂತು. "ಅಪ್ಪಯ್ಯನ ದನಿ ಕೇಂಡೆ ಅಕ್ಕಾ" ಎಂದ. "ಪೆನ್‌ಡ್ರೈವಿಗೆ ಹಾಕ್ಕಂಡೆ."

ಯಾರಲ್ಲೂ ಸಿಗದೆ ಹೋದದ್ದು ಮೂವತ್ತೊಂದನೆಯ ಹಾಡಿನ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಚಂದಯ್ಯ ಅವತ್ತು ಹಗ್ಗ ಹಿಡಿದವರ ಹೆಸರನ್ನೆಲ್ಲ ಸಾಲಾಗಿ ಕಟ್ಟಿ ಹಾಡಿದ್ದ. ಅಲ್ಲೇ ಹುಟ್ಟಿದ ಸಾಲು. ಮುಂಚೆ ಹೇಳಿದ್ದಿಲ್ಲ, ಮತ್ತೆ ಹೇಳಿದ್ದಿಲ್ಲ.

ಭಾನುವಾರ ಅವಳು ಅದನ್ನು ಅಪ್ಪನಿಗೆ ಕೇಳಿಸಿದಳು. ಹಾಡು ಕಡಿದಲ್ಲಿ ಚಂದಯ್ಯ ತಲೆಯೆತ್ತಿ ಮಗಳ ಮುಖ ನೋಡಿದ.

"ಇಲ್ಲಿ ಎಂತ ಹೇಳಿದ್ರಿ ಅಪ್ಪಯ್ಯ? ಬರ್ದ್ ತೋರ್ಸಿ."

ಅವನು ಸ್ಲೇಟು ತೆಗೆದುಕೊಂಡು ಕುಷ್ಟನಪ್ಪನ ಹೆಸರು ಬರೆದ. ಕಿಟ್ಟ ಎಂದು ಬರೆದ. ಪದ್ದು. ನಾಲ್ಕನೆಯದಕ್ಕೆ ಬಳಪ ಎತ್ತಿ ಹಿಡಿದು ಕೂತ. ತುಟಿ ಅಲ್ಲಾಡಿತು, ಗಂಟಲ ತೂತಿನಿಂದ ಬರೀ ಗಾಳಿ ಬಂತು. ಅವನು ಹಾಡನ್ನು ಮತ್ತೊಮ್ಮೆ ಹಚ್ಚಲು ಕೈಸನ್ನೆ ಮಾಡಿದ. ಚೇತನಾ ಹಚ್ಚಿದಳು. ಮತ್ತೊಮ್ಮೆ ಎಂದ. ಮತ್ತೆ ಹಚ್ಚಿದಳು. ಆರನೆಯ ಸಲ ಅವನು ಬಳಪ ಕೆಳಗಿಟ್ಟ.

ಅವಳು ಮೂರು ಹೆಸರನ್ನೇ ಟೈಪ್ ಮಾಡಿ ಉಳಿಸಿಕೊಂಡಳು.